ಮಂದಿ ಇಲ್ಲದ ರಸ್ತೆ

ಮಡಿವಾಳೆಪ್ಪ ಹುಬ್ಬಳ್ಳಿಯಲ್ಲಿ ಹೊಸದೊಂದು ಆಟ ಕಲಿತ ಸುದ್ದಿಯನ್ನು ಅಕ್ಕ ಮಹಾದೇವಕ್ಕನಿಗೆ ಹೇಳಿದವನು ಸ್ವತಃ ಮಡಿವಾಳೆಪ್ಪನೇ. ರೊಟ್ಟಿ ಮುರಿಯುತ್ತ, ಬಾಯಿತುಂಬ ನಗುತ್ತ ಹೇಳಿದ. ಮುಚ್ಚಿಡುವಂಥದ್ದು ಅದರಲ್ಲಿ ಏನಿತ್ತು? ಕುಡಿತವಲ್ಲ, ಜೂಜಲ್ಲ. ಹತ್ತಿ ಮಾರ್ಕೆಟ್ಟಿನಲ್ಲಿ ಚೀಲ ಇಳಿಸುವ ಸರದಿ ಬರುವವರೆಗೆ ಟೆಂಪೋದಲ್ಲಿ ಕೂತು ಬೇಸರವಾಗುತ್ತದೆ. ಹಿಂದಿನ ಓಣಿಯಲ್ಲಿ ಬಾಗಿಲಿಗೆ ಕರೀ ಪರದೆ ಬಿಟ್ಟ ಕೋಣೆಯೊಂದು ಹೊಸದಾಗಿ ಆಗಿದೆ. ಅದರೊಳಗೆ ಟೀವಿಯಂಥ ಪೆಟ್ಟಿಗೆ, ಪೆಟ್ಟಿಗೆಗೆ ಸ್ಟೇರಿಂಗು. ನಾಣ್ಯ ಹಾಕಿದರೆ ಗಾಡಿ ಓಡುತ್ತದೆ.

"ದಿನಾ ಓಡಸೂದು ಸಾಲದೇನೋ ನಿನಗ?" ಎಂದು ಮಹಾದೇವಕ್ಕ ಕೇಳಿದ್ದಳು. ಅವನು ಅದಕ್ಕೂ ನಕ್ಕ.

ಅವನು ನಕ್ಕರೆ ಆಕೆಗೆ ಬೇರೇನೂ ಬೇಕಾಗುತ್ತಿರಲಿಲ್ಲ. ಅವ್ವ ಸತ್ತಾಗ ಮಡಿವಾಳೆಪ್ಪ ಇನ್ನೂ ತೊಟ್ಟಿಲ ಕೂಸು. ಮದುವೆಯಾಗಿ ತಿರ್ಲಾಪುರಕ್ಕೆ ಬರುವಾಗ ಆಕೆ ಒಂದು ಕೈಯಲ್ಲಿ ಅಕ್ಕಿಯ ಉಡಿ ಹಿಡಿದು, ಇನ್ನೊಂದು ಕಡೆ ಈ ತಮ್ಮನನ್ನು ಬಗಲಲ್ಲಿ ಇಟ್ಟುಕೊಂಡೇ ಹೊಸ್ತಿಲು ದಾಟಿದವಳು. ಗಂಡ ಶಂಭುಲಿಂಗಪ್ಪ ಒಳ್ಳೆಯವನು, ಒಂದು ಮಾತು ಆಡಲಿಲ್ಲ. ಹುಡುಗನಿಗೆ ಶಾಲೆ ಹತ್ತದಿದ್ದಾಗ ಒಬ್ಬ ಹಳೇ ಲಾರಿ ಡ್ರೈವರನ ಕೈಕೆಳಗೆ ಬಿಟ್ಟವನೂ, ಆಮೇಲೆ ತಾನೇ ಮುಂದೆ ನಿಂತು ಟೆಂಪೋ ಕೊಡಿಸಿದವನೂ ಅವನೇ. ಸುಗ್ಗಿಯಲ್ಲಿ ಹತ್ತಿ, ಉಳಿದ ದಿನ ಸಂತೆಗೆ ಹೋಗುವ ಮಂದಿ. ಮಡಿವಾಳೆಪ್ಪನ ಗಾಡಿಯೆಂದರೆ ತುಂಬಿದ ಕೊಡ ಇಟ್ಟುಕೊಂಡು ಕೂತರೂ ತುಳುಕುವುದಿಲ್ಲ ಎಂದು ಓಣಿಯ ಹೆಂಗಸರು ಹೇಳಿದರೆ, ಮಹಾದೇವಕ್ಕ ಆ ಮಾತನ್ನು ಕೇಳಿಸದವಳಂತೆ ಮಾಡಿ ಮನಸ್ಸಿನಲ್ಲಿ ನಾಲ್ಕು ಸಲ ಕೇಳಿಕೊಳ್ಳುತ್ತಿದ್ದಳು.

ಸಂಕ್ರಾಂತಿಯ ಮುಂದೆ ಬಸುರಿ ಮಗಳ ಕುಬಸಕ್ಕೆ ಹಸಿರು ಸೀರೆ ತರಲು ತಮ್ಮನ ಜೊತೆ ಹುಬ್ಬಳ್ಳಿಗೆ ಹೋದಾಗ ಅವನು ಆಕೆಯನ್ನು ಆ ಕೋಣೆಗೆ ಕರೆದೊಯ್ದ. ಆಕೆ ಪರದೆಯ ಹೊರಗೇ ನಿಲ್ಲುತ್ತೇನೆಂದರೂ ಬಿಡಲಿಲ್ಲ. ಒಳಗೆ ಹಗಲಲ್ಲೂ ಕತ್ತಲೆ. ಕಾಲೇಜು ಹುಡುಗರು ಜಾಗ ಬಿಟ್ಟು ಸರಿದರು. ಅವರಿಗೆ ಇವನ ಗುರುತಿತ್ತು. ಮಡಿವಾಳೆಪ್ಪ ಕೂತ. ಗಾಜಿನ ಮೇಲೆ ಬೂದು ಬಣ್ಣದ ರಸ್ತೆ ಹಾವಿನ ಹಾಗೆ ಹೊರಳುತ್ತ ಬರತೊಡಗಿತು, ಅದರ ಮೇಲೆ ಒಂದು ಕೆಂಪು ಗಾಡಿ. ಅವನು ಕಾಲು ಒತ್ತಿದ. ಮುಂದಿನ ಗಾಡಿಗಳ ಸಂದಿಯಲ್ಲಿ ತೂರಿ, ತೂರಿ ಓಡಿಸಿದ. ಒಂದು ಕಡೆ ಕೆಂಪು ಗಾಡಿ ಢಿಕ್ಕಿ ಹೊಡೆದು ಬೆಂಕಿ ಹತ್ತಿತು. ಮಹಾದೇವಕ್ಕ ತಟ್ಟನೆ ಅವನ ಭುಜ ಹಿಡಿದಳು. ಅಷ್ಟರಲ್ಲಿ ಬೆಂಕಿ ಮಾಯವಾಗಿ, ಅದೇ ರಸ್ತೆಯ ಮೇಲೆ ಅದೇ ಕೆಂಪು ಗಾಡಿ ಮತ್ತೆ ನಿಂತಿತ್ತು. ಹುಡುಗರು ನಕ್ಕರು.

ಆಕೆ ನಗಲಿಲ್ಲ. ಕಣ್ಣು ಆ ರಸ್ತೆಯಲ್ಲಿ ಏನನ್ನೋ ಹುಡುಕುತ್ತಿತ್ತು. ಎತ್ತಿಲ್ಲ, ನಾಯಿಯಿಲ್ಲ, ತಲೆಯ ಮೇಲೆ ಬುತ್ತಿಗಂಟು ಹೊತ್ತವರಿಲ್ಲ.

"ಆ ರಸ್ತೆದಾಗ ಮಂದಿ ಇಲ್ಲೇನೋ, ಮಡಿವಾಳ?"

"ಮಂದಿ ಇದ್ರ ಆಟ ಹೆಂಗ ಆಗತೈತಬೇ?" ಎಂದ ಅವನು, ಕಣ್ಣು ಗಾಜಿನಿಂದ ಕೀಳದೆ.

ಆ ಮಾತು ಅವನು ತಮಾಷೆಗೆ ಆಡಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದ, ಅಷ್ಟೇ. ಅದಕ್ಕೇ ಅದು ಆಕೆಯ ಒಳಗೆ ಇಳಿದು ಕೂತಿತು.

ಮಾಘ ಬಂತು. ನವಲಗುಂದದ ಎರೀ ನೆಲದಲ್ಲಿ ಕಡಲೆ ಕಿತ್ತರು. ಆ ಕಾಲದಲ್ಲಿ ಆ ಸೀಮೆಯ ಡಾಂಬರು ರಸ್ತೆಗಳು ಅರ್ಧ ರಸ್ತೆ, ಅರ್ಧ ಕಣ. ಒಣಗಿದ ಕಡಲೆ ಗಿಡವನ್ನು ರಸ್ತೆಯ ಮೇಲೆ ಹರವಿ, ಅಂಚಿಗೆ ಕಲ್ಲು ಇಟ್ಟು, ಬಾಜೂಕ್ಕೆ ಬೇವಿನ ನೆರಳಲ್ಲಿ ಹೆಂಗಸರು ಕೂತುಬಿಡುವರು. ಬಸ್ಸು, ಲಾರಿ, ಚಕ್ಕಡಿ ತುಳಿದು ಹೋದಂತೆ ಕಾಯಿ ಒಡೆದು ಕಾಳು ಬೀಳುತ್ತದೆ. ಗಾಡಿ ಇಲ್ಲದ ಹೊತ್ತಿನಲ್ಲಿ ಹೊಟ್ಟು ಸರಿಸಿ, ಕಾಳು ಗುಡಿಸಿ, ಗಾಳಿಗೆ ತೂರುವುದು. ಇದಕ್ಕೆ ಯಾರೂ ಬರೆಯದ ಒಂದು ಕಟ್ಟಳೆಯಿತ್ತು. ಡ್ರೈವರು ದೂರದಿಂದಲೇ ಹಾರ್ನ್ ಹೊಡೆದು, ನಡಿಗೆಯ ವೇಗಕ್ಕೆ ಇಳಿದು, ರಾಶಿಯ ನಡುವೆಯೇ ಗಾಲಿ ಹಾಯಿಸಬೇಕು. ಹೆಂಗಸರು ಎದ್ದು ಸರಿಯಬೇಕು. ಕಾಳು ತುಳಿದ ಗಾಲಿಗೆ ಪಂಕ್ಚರ್ ಇಲ್ಲ ಎಂದು ಮಡಿವಾಳೆಪ್ಪನಿಗೆ ಅವನ ಗುರು ಕಲಿಸಿದ್ದ. ಹಿಂದಿನ ಸುಗ್ಗಿಯವರೆಗೂ ಅವನು ಒಬ್ಬೊಬ್ಬರ ರಾಶಿಯ ಮೇಲೂ ಮುದ್ದಾಂ ಎರಡೆರಡು ಸಲ ಗಾಡಿ ಹಾಯಿಸಿ ಹೋಗುತ್ತಿದ್ದ.

ಈ ವರ್ಷ ಅವನು ರಾಶಿ ತುಳಿಯುವುದನ್ನೇ ಬಿಟ್ಟ. ರಾಶಿಗೂ ಅಂಚಿನ ಕಲ್ಲಿಗೂ ನಡುವೆ ಉಳಿದ ಸಂದಿಯಲ್ಲಿ, ವೇಗ ಇಳಿಸದೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿಸಿ ತೂರಿಹೋಗತೊಡಗಿದ. ಮೊದಲ ಸಲ ಮಹಾದೇವಕ್ಕ ಮುಂದೆ ಕೂತಿದ್ದಳು. ಗಾಲಿ ಕಲ್ಲಿಗೆ ತಾಗಿತೋ ಇಲ್ಲವೋ ಎನ್ನುವಷ್ಟು ಹತ್ತಿರ. ದಾಟಿದ ಮೇಲೆ ಅವನ ಮುಖದಲ್ಲಿ ಒಂದು ಬೆಳಕು ಬಂತು. ಆ ಬೆಳಕನ್ನು ಆಕೆ ಕರೀ ಪರದೆಯ ಒಳಗೆ ನೋಡಿದ್ದಳು.

ಗಂಡನಿಗೆ ಹೇಳಿದಳು. ಶಂಭುಲಿಂಗಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದ. "ಆಟ ಆಡಿದ್ರ ಹಂಗ ಆಗೂದಾದ್ರ, ಇಸ್ಪೀಟ ಆಡಿದವರೆಲ್ಲಾ ಇಷ್ಟೊತ್ತಿಗೆ ರಾಜಾ ಆಗಬೇಕಿತ್ತಲ್ಲ" ಎಂದ. ಹರೆಯದ ಹುಡುಗ, ಲಗ್ನ ಆದರೆ ತಾನೇ ಹಿಡಿತಕ್ಕೆ ಬರುತ್ತಾನೆ ಎಂದೂ ಹೇಳಿದ. ಆಕೆಗೂ ಅನುಮಾನವೇ. ಪೆಟ್ಟಿಗೆಯೊಳಗಿನ ರಸ್ತೆ ಹೊರಗೆ ಹೇಗೆ ಬಂದೀತು? ಇವನು ಮೊದಲೇ ಹೀಗಿದ್ದನೋ, ಆಟ ಅದನ್ನು ಬರೀ ಹೊರಗೆ ತೆಗೆಯಿತೋ? ಓಣಿಯ ಹರೆಯದ ಹುಡುಗಿಯರಂತೂ ಸಂತೆಯಿಂದ ಬೇಗ ಮನೆ ಮುಟ್ಟುತ್ತೇವೆಂದು ಖುಷಿಯಾಗಿದ್ದರು. ಯಾರೂ ದೂರು ಹೇಳಲಿಲ್ಲ. ಎಲ್ಲರೂ ಸುಮ್ಮನಿರುವಾಗ ತನ್ನೊಬ್ಬಳ ಭಯ ದೊಡ್ಡದಾಗಿ ಕಾಣುವುದು ನಾಚಿಕೆಯ ಸಂಗತಿ ಎಂದು ಆಕೆಗೆ ಅನ್ನಿಸಿತು. ಹೆಣ್ಣಿನ ಭಯ ಯಾವಾಗಲೂ ಹೀಗೆಯೇ, ಮೊದಲು ತನಗೆ ತಾನೇ ಸುಳ್ಳಾಗಿಬಿಡುತ್ತದೆ.

ಆ ನಡುವೆ ಅವನ ಲಗ್ನವೂ ಕೂಡಿಬಂದಿತ್ತು. ಮಗಳು ಸಾವಿತ್ರೆವ್ವನನ್ನು ಕೊಟ್ಟದ್ದು ಅಣ್ಣಿಗೇರಿಗೆ. ಅವಳ ನಾದಿನಿ ಗುರವ್ವನನ್ನೇ ಮಡಿವಾಳೆಪ್ಪನಿಗೆ ತರುವುದೆಂದು ಎರಡೂ ಮನೆಯವರು ಮಾತಾಡಿದ್ದರು. ಬೀಗಿತಿ ರೇವವ್ವ ನೇರ ಮಾತಿನವಳು. ಹುಡುಗನಲ್ಲಿ ಒಂದು ಕೊರತೆ ಕಂಡರೂ ಹೆಣ್ಣು ಕೊಡುವವಳಲ್ಲ, ತನ್ನ ಮನೆಯಲ್ಲಿರುವ ಸೊಸೆಗೆ ಅದನ್ನು ಎತ್ತಿ ಆಡದೆ ಬಿಡುವವಳೂ ಅಲ್ಲ. ಆದ್ದರಿಂದ ತಮ್ಮನ ಬಗ್ಗೆ ಅಣ್ಣಿಗೇರಿಯವರ ಕಿವಿಗೆ ಬೀಳುವ ಯಾವ ಮಾತೂ ಎರಡು ಕಡೆ ಕೊಯ್ಯುತ್ತಿತ್ತು: ಒಂದು ಅವನ ಲಗ್ನ, ಇನ್ನೊಂದು ಮಗಳ ಬಾಳು.

ಸಾವಿತ್ರೆವ್ವನಿಗೆ ಏಳು ತಿಂಗಳು ತುಂಬಿತು. ಕುಬಸ ಮಾಡಿ ಚೊಚ್ಚಲು ಹೆರಿಗೆಗೆ ತವರಿಗೆ ಕರೆತರಬೇಕು. ಆ ಮನೆತನಗಳಲ್ಲಿ ಬಸುರಿಯನ್ನು ಕರೆಯಲು ಹೋಗಬೇಕಾದವನು ಸೋದರಮಾವ. ಅವನಿದ್ದೂ ಬೇರೆಯವರು ಕರೆತಂದರೆ ಸತ್ತವರ ಮನೆಯ ಲಕ್ಷಣ. ಅದರಲ್ಲೂ ಸೋದರಮಾವನಿಗೆ ಸ್ವಂತ ಗಾಡಿಯಿರುವಾಗ ಬಸುರಿ ಹೆಣ್ಣು ಬಸ್ಸಿನಲ್ಲಿ ಬಂದರೆ ಬೀಗರು ಕಾರಣ ಕೇಳದೆ ಇರುತ್ತಾರೆಯೇ? ಮಹಾದೇವಕ್ಕ ದಿನವಿಡೀ ಯೋಚಿಸಿ, ಕೊನೆಗೆ ತಾನೂ ಜೊತೆಗೆ ಹೊರಟಳು. ಪಕ್ಕದಲ್ಲಿ ತಾನಿದ್ದರೆ ಅವನ ಕಾಲು ಹಿಡಿತದಲ್ಲಿ ಇದ್ದೀತು ಎಂದು ನಂಬಿದಳು.

ಅಣ್ಣಿಗೇರಿಯಿಂದ ಹೊರಟಾಗ ಮಧ್ಯಾಹ್ನದ ಊಟ ಮುಗಿದಿತ್ತು. ಸಾವಿತ್ರೆವ್ವ ಹಸಿರು ಸೀರೆ, ಕೈತುಂಬ ಹಸಿರು ಬಳೆ, ಉಡಿ ತುಂಬಿಸಿಕೊಂಡು ಮುಂದೆ ಅವ್ವನ ಪಕ್ಕದಲ್ಲಿ ಕೂತಳು. ಕಳಿಸಿಬರಲು ರೇವವ್ವ ಮತ್ತು ಬೀಗರ ಕಡೆಯ ನಾಲ್ಕು ಹೆಂಗಸರು ಹಿಂದೆ ಹತ್ತಿದರು. ಮುಂದಿನವರಿಗೂ ಹಿಂದಿನವರಿಗೂ ನಡುವೆ ಒಂದು ಕಿಂಡಿ. ಮುಂದೆ ಕೆಮ್ಮಿದರೆ ಹಿಂದೆ ಕೇಳುತ್ತದೆ.

ಊರು ದಾಟುವವರೆಗೆ ಚೆನ್ನಾಗಿಯೇ ಹೋದ. ಆಮೇಲೆ ರಸ್ತೆ ನೆಟ್ಟಗಾಯಿತು, ಎರಡೂ ಬದಿಗೆ ಬಿಚ್ಚಿದ ಕರಿ ನೆಲ, ಪಡುವಲ ಗಾಳಿ. ಮುಂದೆ ಒಂದು ಲಾರಿ ಕಂಡಿತು. ಮಡಿವಾಳೆಪ್ಪ ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತ. ಮುಂದಿನ ಮೈಲಿಗಲ್ಲು ಬರುವುದರೊಳಗೆ ಲಾರಿಯನ್ನು ದಾಟಿದ. ಆಮೇಲೆ ಬಸ್ಸು. ಮತ್ತೊಂದು ಕಲ್ಲು. ಅವನು ಕಲ್ಲುಗಳನ್ನು ಗುರಿ ಇಟ್ಟುಕೊಂಡಿದ್ದಾನೆ ಎಂದು ಆಕೆಗೆ ಗೊತ್ತಾಯಿತು. ಹಿಂದಿನಿಂದ ರೇವವ್ವ ಮೆಚ್ಚಿಕೊಂಡು, ನಮ್ಮ ಅಳಿಯನ ಗಾಡಿ ವಿಮಾನ ಆಯಿತಲ್ಲ ಎಂದಳು. ಸಾವಿತ್ರೆವ್ವ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು.

ಸಾವಕಾಶ ಎಂದರೆ ಕಿಂಡಿಯಲ್ಲಿ ಕೇಳುತ್ತದೆ. ಬೈದರೆ ಇನ್ನೂ ಕೇಳುತ್ತದೆ. ಮಹಾದೇವಕ್ಕ ಅವನ ತೊಡೆಯ ಮೇಲೆ ಮೆಲ್ಲಗೆ ಕೈಯಿಟ್ಟಳು. ಅವನಿಗೆ ಅದು ತಿಳಿಯಲೇ ಇಲ್ಲ. ಅವನ ಕಣ್ಣಿನ ಮುಂದೆ ಗಾಜು ಇತ್ತು, ಗಾಜಿನಲ್ಲಿ ರಸ್ತೆಯಿತ್ತು. ಆಗ ಆಕೆಗೆ ಒಂದು ಉಪಾಯ ಹೊಳೆಯಿತು. ಯಾರ ಮರ್ಯಾದೆಯೂ ಹೋಗದಂಥ, ಹೆಂಗಸರೆಲ್ಲ ಯಾವುದಾದರೊಂದು ಹೊತ್ತಿನಲ್ಲಿ ಆಡುವಂಥ ಸಣ್ಣ ಸುಳ್ಳು.

"ಮಡಿವಾಳ, ಸಾವಿತ್ರಿಗೆ ಹೊಟ್ಟಿ ಹಿಡದಂಗ ಆಗೇತಿ. ಸಾವಕಾಶ ನಡಿ."

ಅವನು ಕೇಳಿಸಿಕೊಂಡದ್ದು ಮೊದಲ ಅರ್ಧ ಮಾತ್ರ. ತಿರುಗಿ ಅಕ್ಕನ ಮಗಳ ಮುಖ ಒಮ್ಮೆ ನೋಡಿದ. ಆ ಮುಖದಲ್ಲಿ ಹೆದರಿಕೆಯಿತ್ತು. ಅವನು ಅದನ್ನು ನೋವು ಎಂದುಕೊಂಡ.

"ಹೆದರಬ್ಯಾಡ್ರಿ, ಈಗ ನವಲಗುಂದದ ದವಾಖಾನಿ ಮುಟ್ಟಸ್ತೀನಿ" ಎಂದವನೇ ಕಾಲನ್ನು ತಳಕ್ಕೆ ಒತ್ತಿದ.

ಹಾಗಲ್ಲ ಎನ್ನಲು ಮಹಾದೇವಕ್ಕ ಬಾಯಿ ತೆರೆದಳು. ಹಿಂದಿನಿಂದ ರೇವವ್ವ ಕಿಂಡಿಗೆ ಮುಖ ಹಚ್ಚಿ ಏನಾಯಿತು, ಎಷ್ಟೊತ್ತಿನಿಂದ ಎಂದು ಕೇಳತೊಡಗಿದ್ದಳು. ದಿನ ತುಂಬದೆ ನೋವು ಬಂದರೆ ಕೂಸು ಉಳಿಯುವುದಿಲ್ಲ, ಜಲ್ದಿ ಹೊಡಿಯಪ್ಪಾ ಎಂದು ಕೂಗಿದಳು. ಆಡಿದ ಮಾತನ್ನು ಮಹಾದೇವಕ್ಕ ಹೇಗೆ ಹಿಂದೆ ತೆಗೆದುಕೊಳ್ಳಬೇಕು? ತೆಗೆದುಕೊಂಡರೆ ಯಾಕೆ ಆಡಿದೆ ಎಂದು ಹೇಳಬೇಕಾಗುತ್ತದೆ. ಆ ಒಂದು ಕ್ಷಣ ಆಕೆ ಲೆಕ್ಕ ಹಾಕಿದಳು. ಅಷ್ಟರಲ್ಲಿ ರಸ್ತೆಯ ಮೇಲೆ ರಾಶಿ ಕಂಡಿತು.

ರಾಶಿಯ ಆಚೆ ಅಂಚಿನಲ್ಲಿ ಒಬ್ಬ ಹೆಂಗಸು ರಸ್ತೆಗೆ ಬೆನ್ನು ಮಾಡಿ ನಿಂತು ಕಡಲೆ ತೂರುತ್ತಿದ್ದಳು. ಗಾಳಿ ಈ ಕಡೆ ಬೀಸುತ್ತಿತ್ತು, ಹಾರ್ನಿನ ಸದ್ದನ್ನು ಹಿಂದಕ್ಕೆ ಒಯ್ಯುತ್ತಿತ್ತು. ಮಹಾದೇವಕ್ಕ ರಸ್ತೆ ನೋಡಲಿಲ್ಲ, ತಮ್ಮನ ಕಾಲು ನೋಡಿದಳು. ಆ ಕಾಲು ಬ್ರೇಕಿನ ಕಡೆಗೆ ಹೋಗಲಿಲ್ಲ. ಕೈ ಮಾತ್ರ ಹೊರಳಿತು, ಚೊಕ್ಕವಾಗಿ, ಎಡಕ್ಕೆ, ಆಮೇಲೆ ಬಲಕ್ಕೆ, ರಾಶಿಗೂ ಕಲ್ಲಿಗೂ ನಡುವಿನ ಸಂದಿಗೆ. ಉದುರಿದ ಕಾಳು ಗಾಲಿಯ ಕೆಳಗೆ ಗೋಲಿಯಂತೆ ಉರುಳಿತು, ಟೆಂಪೋದ ಹಿಂಭಾಗ ಅಡ್ಡಕ್ಕೆ ಜಾರಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮೊರದಲ್ಲಿದ್ದ ಕಾಳು ಮುಂದಿನ ಗಾಜಿಗೆ ಮಳೆಯಂತೆ ಹೊಡೆಯಿತು.

ಆ ಹೆಂಗಸಿನ ಹೆಸರು ದುಂಡವ್ವ ಎಂದು ಆಮೇಲೆ ತಿಳಿಯಿತು. ಹೊಲದಿಂದ ಅವಳ ಗಂಡ ಓಡಿಬಂದ, ನಾಲ್ಕೆಂಟು ಮಂದಿ ಕೂಡಿದರು. ಒಬ್ಬನ ಕೈಯಲ್ಲಿ ಬಡಿಗೆಯೂ ಇತ್ತು. ಆಗ ರೇವವ್ವ ಕೆಳಗಿಳಿದು, ಒಳಗೆ ಬಸುರಿ ಹೆಣ್ಣುಮಗಳಿದ್ದಾಳೆ, ನೋವು ಹತ್ತಿದೆ, ಆಸ್ಪತ್ರೆಗೆ ಓಡುತ್ತಿದ್ದೆವು ಎಂದಳು. ಬಡಿಗೆ ಕೆಳಗಾಯಿತು. ಹೆಂಗಸರು ನೆಲಕ್ಕೆ ಬಿದ್ದಿದ್ದ ದುಂಡವ್ವನನ್ನು ಬಿಟ್ಟು ಸಾವಿತ್ರೆವ್ವನ ಸುತ್ತ ನೆರೆದರು. ಯಾರೋ ಕಣ್ಣಿಗೆ ನೀರು ಹಚ್ಚಿದರು, ಯಾರೋ ಸೆರಗಿನಿಂದ ಗಾಳಿ ಹಾಕಿದರು. ಸಾವಿತ್ರೆವ್ವ ಅವ್ವನ ಮುಖ ನೋಡಿದಳು. ಮಹಾದೇವಕ್ಕ ಅವಳ ಕೈ ಒತ್ತಿದಳು, ಯಾಕೆ ಒತ್ತಿದಳೆಂದು ತನಗೇ ಗೊತ್ತಿರಲಿಲ್ಲ. ಆಗ ಹುಡುಗಿ ಕಣ್ಣು ಮುಚ್ಚಿ, ಮೆಲ್ಲಗೆ ನರಳತೊಡಗಿದಳು.

ದುಂಡವ್ವನ ಗಂಡ ತಲೆಯ ಮೇಲೆ ಕೈಹೊತ್ತು ಕೂತಲ್ಲಿಂದಲೇ ಹೇಳಿದ: "ಅವರದೇನೂ ತಪ್ಪಿಲ್ಲರಿ. ರಸ್ತೆದ ಮ್ಯಾಲೆ ರಾಶಿ ಹಾಕಿದವರು ನಾವು. ಪಾಪ, ಆ ತಾಯಿನ್ನ ಮೊದಲ ಒಯ್ರಿ."

ಇಬ್ಬರನ್ನೂ ಒಂದೇ ಗಾಡಿಯಲ್ಲಿ ಒಯ್ದರು, ಒಬ್ಬಳನ್ನು ಮುಂದೆ, ಒಬ್ಬಳನ್ನು ಹಿಂದೆ. ನವಲಗುಂದದಲ್ಲಿ ಡಾಕ್ಟರು ಸಾವಿತ್ರೆವ್ವನನ್ನು ನೋಡಿ ನೋವು ನಿಂತಿದೆ, ದೇವರು ದೊಡ್ಡವನು ಎಂದರು. ದುಂಡವ್ವನನ್ನು ಹುಬ್ಬಳ್ಳಿಗೆ ಕಳಿಸಿದರು. ಅವಳು ಅಲ್ಲಿಂದ ಬರಲಿಲ್ಲ.

ಕೇಸು ಆಯಿತು, ಜಾಮೀನೂ ಆಯಿತು. ಎರಡೂ ಊರಿನ ಹಿರಿಯರು ಕೂಡಿ ಮಾತಾಡಿದರು. ದುಂಡವ್ವನ ಮನೆಯವರ ಬಾಯಿಂದ ಒಂದು ಕೆಟ್ಟ ಮಾತು ಬರಲಿಲ್ಲ. ಒಂದು ಜೀವ ಹೋಗಿ ಒಂದು ಜೀವ ಉಳಿಯಿತು ಎಂದು ಅವರೇ ಸಮಾಧಾನ ಮಾಡಿಕೊಂಡರು. ಆ ಮಾತು ಬಂದಾಗಲೆಲ್ಲ ಮಹಾದೇವಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ಮಡಿವಾಳೆಪ್ಪ ಕೆಲವು ದಿನ ಮಂಕಾಗಿ ಕೂತ. ಆಮೇಲೆ ಅವನಿಗೂ ಆ ಮಾತು ಆಸರೆಯಾಯಿತು. ಒಂದು ಸಂಜೆ ದನದ ಕೊಟ್ಟಿಗೆಯ ಹತ್ತಿರ ಆಕೆಯ ಎದುರು ಕುಕ್ಕರಗಾಲಲ್ಲಿ ಕೂತು ಹೇಳಿದ: "ನೀ ಹೇಳಿದ್ದಕ್ಕ ಓಡಿಸಿದೆ ಅಕ್ಕಾ. ಇಲ್ಲಂದ್ರ ನಾ ಹಂಗ ಓಡಸಾಂವ ಅಲ್ಲ. ನಿನಗ ಗೊತ್ತಲ್ಲ?"

ಅವನ ಕಣ್ಣಲ್ಲಿ ನೀರಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ, ನಂಬಿಬಿಟ್ಟಿದ್ದ. ಆಕೆ ಕಟ್ಟಿಕೊಟ್ಟ ಸುಳ್ಳಿನ ಮನೆಯೊಳಗೆ ಅವನು ಬೆಚ್ಚಗೆ ಹೋಗಿ ಕೂತಿದ್ದಾನೆ. ಹೊರಗೆ ಎಳೆಯುವುದು ಹೇಗೆ? ಮುಂದಿನ ವಾರ ಅವನು ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೋದ. ತಿರುಗಿ ಬಂದದ್ದು ತಡವಾಗಿ, ಮುಖದ ತುಂಬ ಆ ಬೆಳಕು ಹೊತ್ತು.

ಅಣ್ಣಿಗೇರಿಯಿಂದ ಹೇಳಿಕಳಿಸಿದರು: ಲಗ್ನ ಮುಂದೆ ಹಾಕುವುದು ಬೇಡ. ಅಕ್ಕನ ಮಗಳಿಗಾಗಿ ಜೀವದ ಹಂಗು ಬಿಟ್ಟು ಓಡಿಸಿದವನು ಹೆಂಡತಿಯನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾನೆ. ರೇವವ್ವ ಇದನ್ನು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಜವಳಿ ತರುವ ದಿನ ಗೊತ್ತಾಯಿತು. ರೇವವ್ವ ಮಗಳು ಗುರವ್ವನನ್ನು ಕರೆದುಕೊಂಡು ಹಿಂದಿನ ದಿನವೇ ತಿರ್ಲಾಪುರಕ್ಕೆ ಬಂದಳು. ಬೆಳಿಗ್ಗೆ ಎಲ್ಲರೂ ಮಡಿವಾಳೆಪ್ಪನ ಟೆಂಪೋದಲ್ಲಿ ಹುಬ್ಬಳ್ಳಿಗೆ ಹೋಗುವುದು. ಗುರವ್ವ ಹದಿನೆಂಟರ ಹುಡುಗಿ. ಅತ್ತಿಗೆಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ಒದೆತ ನೋಡಿ ಕಿಲಕಿಲ ನಗುತ್ತಿದ್ದಳು. ಆ ನಗೆ ಅಡುಗೆಮನೆಗೆ ಕೇಳಿಸಿತು. ಮಹಾದೇವಕ್ಕ ಒಲೆಯ ಮುಂದಿನಿಂದ ಎದ್ದು ಅವರಿದ್ದ ಪಡಸಾಲೆಗೆ ಬಂದಳು. ಅಲ್ಲಿ ಹೆಂಗಸರು ಬಿಟ್ಟು ಬೇರೆ ಯಾರೂ ಇರಲಿಲ್ಲ.

"ರೇವವ್ವಾರ, ಒಂದ ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ಆವತ್ತ ಸಾವಿತ್ರಿಗೆ ನೋವು ಬಂದಿರಲಿಲ್ಲ. ಅಂವ ಸಾವಕಾಶ ಹೋಗಲೆಂತ ನಾನ ಸುಳ್ಳ ಹೇಳಿದೆ. ಅಂವ ಅದಕ್ಕೂ ಮೊದಲಿಂದನ ಹಂಗ ಓಡಸಾಕ ಹತ್ಯಾನ. ಬ್ರೇಕಿನ ಮ್ಯಾಲೆ ಕಾಲ ಇಡಲಿಲ್ಲ, ನಾ ಕಣ್ಣಾರೆ ನೋಡೀನಿ. ಹುಡುಗಿನ್ನ ಬಸ್ಸಿನಾಗ ಕರಕೊಂಡ ಹೋಗೂಣು."

ಹಿಟ್ಟು ನಾದುತ್ತಿದ್ದ ರೇವವ್ವನ ಕೈ ನಿಂತಿತು. ಅವಳು ಸೊಸೆಯ ಕಡೆ ತಿರುಗಿದಳು.

"ಏನಬೇ ಸಾವಿತ್ರಿ, ನಿಮ್ಮವ್ವ ಏನೋ ಅಂತಾಳ. ನೋವು ಇರಲಿಲ್ಲೇನು ನಿನಗ?"

ಸಾವಿತ್ರೆವ್ವ ಅವ್ವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಒಂದು ಬೇಡಿಕೆಯಿತ್ತು. ಇರಲಿಲ್ಲವೆಂದರೆ ರಸ್ತೆಯ ಮೇಲೆ ಅಷ್ಟು ಮಂದಿಯ ಎದುರು ತಾನು ನರಳಿದ್ದೇನು? ಕೂಸು ಹೆತ್ತು ಅವಳು ಹೋಗಬೇಕಾದದ್ದು ಅದೇ ಅಣ್ಣಿಗೇರಿಗೆ, ಕೂರಬೇಕಾದದ್ದು ಇದೇ ಅತ್ತೆಯ ಎದುರಿಗೆ, ಬದುಕು ಇರುವವರೆಗೆ. ಅವಳು ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

"ಇತ್ತರಿ ಅತ್ತಿ. ಭಾಳ ಇತ್ತು. ಅವ್ವಗ ದುಂಡವ್ವ ಹೋದಾಗಿಂದ ಮನಸ್ಸಿಗೆ ಹಚಗೊಂಡೇತಿ. ನಿದ್ದಿ ಮಾಡೂದಿಲ್ಲ, ಹಿಂಗ ಏನರ ಅಂತಾಳ."

ರೇವವ್ವನ ಕೈ ಮತ್ತೆ ಹಿಟ್ಟಿಗೆ ಹೋಯಿತು. ಅವಳ ದನಿ ಮೆತ್ತಗಾಯಿತು. ಹಾಗೆ ಮನಸ್ಸಿಗೆ ಹಚ್ಚಿಕೊಳ್ಳಬಾರದು, ನಾಳೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಮಠಕ್ಕೂ ಹೋಗಿ ಬರೋಣ ಎಂದಳು. ಮಹಾದೇವಕ್ಕ ಮಗಳ ಕಡೆ ಮತ್ತೆ ನೋಡಲಿಲ್ಲ. ನೋಡಿದ್ದರೆ ಬೈಯಬೇಕಾಗುತ್ತಿತ್ತು, ಬೈಯುವ ಬಾಯಿ ಆಕೆಗಿರಲಿಲ್ಲ. ಸುಳ್ಳು ಹೇಳಲು ಅವಳ ಕೈ ಒತ್ತಿ ಕಲಿಸಿದವಳು ತಾನೇ.

ಬೆಳಿಗ್ಗೆ ಟೆಂಪೋ ಅಂಗಳಕ್ಕೆ ಬಂದು ನಿಂತಿತು. ಮಡಿವಾಳೆಪ್ಪ ಅದನ್ನು ತೊಳೆದು ವಿಭೂತಿ ಬಳಿದಿದ್ದ. ಹಿಂದೆ ಧೂಳು, ಹುಡುಗಿ ಮುಂದೆ ಕೂರಲಿ, ನಡುವೆ ಮಹಾದೇವಕ್ಕ ಕೂರಲಿ ಎಂದು ರೇವವ್ವ ಹೇಳಿದಳು. ಶಂಭುಲಿಂಗಪ್ಪ ಕಟ್ಟೆಯ ಮೇಲಿಂದ ಹೋಗಿ ಬರ್ರಿ ಎಂದ. ಬರುವುದಿಲ್ಲ ಎಂದು ಮಹಾದೇವಕ್ಕ ಮನಸ್ಸಿನಲ್ಲಿ ಹೇಳಿಕೊಂಡಿದ್ದಳು. ಆದರೆ ಆಕೆ ಉಳಿದರೆ ಗಾಡಿ ಉಳಿಯುತ್ತಿರಲಿಲ್ಲ. ನಡುವಿನ ಜಾಗವೊಂದು ಖಾಲಿಯಾಗುತ್ತಿತ್ತು, ಅಷ್ಟೇ. ಆಕೆ ಹತ್ತಿದಳು. ಹುಡುಗಿಯ ಮೈಗೆ ಮೈ ಹಚ್ಚಿ, ತನ್ನ ಎಡಗೈಯನ್ನು ಅವಳ ಮುಂದಕ್ಕೆ ಅಡ್ಡ ಹಿಡಿದು ಕೂತಳು. ಗುರವ್ವನಿಗೆ ನಾಚಿಕೆ, ಅದಕ್ಕಿಂತ ಹೆಚ್ಚು ಸಂಭ್ರಮ.

ಊರ ಅಗಸೆ ದಾಟಿ ಡಾಂಬರು ಬಂತು. ಬೆಳಗಿನ ರಸ್ತೆ ಕಣ್ಣು ಹೋಗುವವರೆಗೂ ಖಾಲಿ. ಮಡಿವಾಳೆಪ್ಪ ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತ. ಗುರವ್ವ ಮಹಾದೇವಕ್ಕನ ಭುಜದ ಮರೆಯಿಂದ ಅವನ ಕಡೆ ಇಣುಕಿ, ಹಿಂದಿನವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ನಿಮ್ಮ ಗಾಡಿ ಭಾಳ ಜೋರ ಓಡತೈತಂತಲ್ರಿ. ಹೌದೇನ್ರಿ?"